ಎರಡು ಫೈನಲ್, ನಡುವೆ ಹನ್ನೆರಡು ವರ್ಷ: ಬೋವಾಜ್ ಸೊಲೊಸ್ಸಾ ಪ್ರಕರಣ

2010ರ ಅಕ್ಟೋಬರ್ 8. ಜಕಾರ್ತದ ಗೆಲೋರಾ ಬುಂಗ್ ಕಾರ್ನೋ ಮೈದಾನಕ್ಕೆ ಉರುಗ್ವೆ ತಂಡ ಬಂದಿತ್ತು. ಮೂರು ತಿಂಗಳ ಹಿಂದಷ್ಟೇ ದಕ್ಷಿಣ ಆಫ್ರಿಕಾದ ವಿಶ್ವಕಪ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡ ಅದು. ಲೂಯಿಸ್ ಸುವಾರೆಸ್ ಇದ್ದರು, ಎಡಿನ್ಸನ್ ಕವಾನಿ ಇದ್ದರು. ಆದರೆ ಮೊದಲ ಗೋಲು ಇಂಡೋನೇಷ್ಯಾದ್ದು. ಆಟ ಶುರುವಾಗಿ ಇನ್ನೂ ಇಪ್ಪತ್ತು ನಿಮಿಷ ಆಗಿರಲಿಲ್ಲ, ಬೋವಾಜ್ ಸೊಲೊಸ್ಸಾ ಚೆಂಡನ್ನು ಬಲೆಗೆ ಸೇರಿಸಿದ್ದರು. ಇಡೀ ಮೈದಾನ ಎದ್ದು ನಿಂತಿತು.

ಆ ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ ಬಿಡಿ. ಸುವಾರೆಸ್ ಮೂರು ಹೊಡೆದರು, ಕವಾನಿ ಮೂರು ಹೊಡೆದರು. ಪಂದ್ಯ ಮುಗಿದಾಗ 7-1. ಆದರೂ ಆ ಒಂದು ಗೋಲು ಇವತ್ತಿಗೂ ಅಲ್ಲಿನ ಜನರ ಬಾಯಲ್ಲಿದೆ.

ಇದಾಗಿ ಎರಡು ತಿಂಗಳಿಗೆ ಅದೇ ಮೈದಾನದಲ್ಲಿ ಆಗ್ನೇಯ ಏಷ್ಯಾದ ದೊಡ್ಡ ಟೂರ್ನಿ, ಎಎಫ್ಎಫ್ ಕಪ್. ಇಂಡೋನೇಷ್ಯಾ ತಂಡದ ಪಟ್ಟಿ ಹೊರಬಿತ್ತು. ಅದರಲ್ಲಿ ಬೋವಾಜ್ ಹೆಸರೇ ಇಲ್ಲ.

ಈ ಬರಹ ಆ ಇಲ್ಲದ ಹೆಸರಿನ ಬಗ್ಗೆ. ಬೋವಾಜ್ ತಮ್ಮ ಪೀಳಿಗೆಯ ಇಂಡೋನೇಷ್ಯಾದ ಅತ್ಯುತ್ತಮ ಫಾರ್ವರ್ಡ್ ಅಂತ ಹೇಳಿದರೆ ಅಲ್ಲಿ ಜಗಳಕ್ಕೆ ಬರುವವರು ಕಡಿಮೆ. ಲೀಗ್‌ನಲ್ಲಿ ಮೂರು ಸಲ ಅತಿ ಹೆಚ್ಚು ಗೋಲು, ಆ ಮೂರೂ ಸಲ ಅವರೇ ಶ್ರೇಷ್ಠ ಆಟಗಾರ, ಆ ಮೂರೂ ಸಲ ಅವರ ಕ್ಲಬ್ಬೇ ಚಾಂಪಿಯನ್. ಆದರೆ ರಾಷ್ಟ್ರೀಯ ತಂಡದ ಮಾತು ಬಂದ ಕೂಡಲೇ ಕಥೆ ತೆಳುವಾಗುತ್ತದೆ. ದೊಡ್ಡ ಸಂದರ್ಭ ಬಂದಾಗೆಲ್ಲ ಅವರು ಒಂದೋ ಆಸ್ಪತ್ರೆಯಲ್ಲಿ, ಇಲ್ಲ ಮನೆಯಲ್ಲಿ. ಯಾಕೆ ಹೀಗಾಯಿತು? "ಗಾಯ, ಆಮೇಲೆ ಅಶಿಸ್ತು" ಅನ್ನುವುದು ಸಿದ್ಧ ಉತ್ತರ. ನನಗೆ ಆ ಉತ್ತರ ಸಾಕಾಗಲಿಲ್ಲ. ಹಾಗಾಗಿ ಅವರು ಇಲ್ಲದ ಸಂದರ್ಭಗಳನ್ನು ಒಂದೊಂದಾಗಿ ತೆಗೆದು, ಪ್ರತಿಯೊಂದರಲ್ಲೂ ತಪ್ಪು ಯಾರದು ಅಂತ ನೋಡುತ್ತಾ ಹೋದೆ.

ಮೊದಲು ಊರಿನ ವಿಷಯ ಹೇಳಿಬಿಡುತ್ತೇನೆ. ಅದಿಲ್ಲದೆ ಮುಂದಿನದು ಅರ್ಥ ಆಗುವುದಿಲ್ಲ.

ಬೋವಾಜ್ ಹುಟ್ಟಿದ್ದು 1986ರ ಮಾರ್ಚ್ 16ರಂದು, ಇಂಡೋನೇಷ್ಯಾದ ಪೂರ್ವ ಮೂಲೆಯ ಪಾಪುವಾ ಪ್ರದೇಶದ ಪಶ್ಚಿಮ ತುದಿಯ ಸೊರೊಂಗ್‌ನಲ್ಲಿ. ಆಡಿ ಬೆಳೆದ ಕ್ಲಬ್ಬು ಪರ್ಸಿಪುರ, ಅದರ ಊರು ಜಯಪುರ. ನಮ್ಮ ರಾಜಸ್ಥಾನದ ಜೈಪುರ ಅಲ್ಲ. ಪಾಪುವಾ ನ್ಯೂಗಿನಿ ದೇಶದ ಗಡಿಯ ಹತ್ತಿರ, ಸಮುದ್ರಕ್ಕೆ ಮುಖ ಮಾಡಿ ಕೂತ ಊರು. ಜಕಾರ್ತದಿಂದ ಅಲ್ಲಿಗೆ ಮೂರೂವರೆ ಸಾವಿರ ಕಿಲೋಮೀಟರಿಗಿಂತ ಜಾಸ್ತಿ. ಬೆಂಗಳೂರಿಂದ ದೆಹಲಿಗೆ ವಿಮಾನದಲ್ಲಿ ಹೋಗುವ ದೂರದ ಎರಡು ಪಟ್ಟು ದಾಟುತ್ತದೆ. ಗಡಿಯಾರವೂ ಬೇರೆ: ಜಯಪುರ ಎರಡು ಗಂಟೆ ಮುಂದೆ. ಜಕಾರ್ತದ ಜನ ಬೆಳಗಿನ ತಿಂಡಿಗೆ ಕೂರುವ ಹೊತ್ತಿಗೆ ಅಲ್ಲಿ ಬಿಸಿಲು ಏರಿರುತ್ತದೆ.

ಪರ್ಸಿಪುರಕ್ಕೆ ಅಲ್ಲಿನವರು ಇಟ್ಟ ಅಡ್ಡಹೆಸರು 'ಮುತಿಯಾರಾ ಹಿತಾಮ್'. ಕಪ್ಪು ಮುತ್ತು ಅಂತ ಅರ್ಥ. 'ಮುತಿಯಾರಾ' ಮತ್ತು ನಮ್ಮ 'ಮುತ್ತು', ಕೇಳಿದರೆ ನೆಂಟರ ಹಾಗೇ ಇವೆ ಅಲ್ವಾ? ಜರ್ಸಿ ಕೆಂಪು ಮತ್ತು ಕಪ್ಪು. ಪಾಪುವಾದ ಜನ ನೋಟದಲ್ಲಿ, ಮಾತಿನಲ್ಲಿ, ಚರಿತ್ರೆಯಲ್ಲಿ ಜಕಾರ್ತ ಇರುವ ಜಾವಾ ದ್ವೀಪದವರಿಗಿಂತ ಬೇರೆ. ದೇಶದ ಆ ಮೂಲೆಯಲ್ಲಿ ಈ ಕ್ಲಬ್ಬು ಬರೀ ಕ್ಲಬ್ಬಲ್ಲ. ಜಕಾರ್ತದ ಮುಂದೆ "ನಾವೂ ಇದ್ದೇವೆ" ಅನ್ನಲು ಇರುವ ಕೆಲವೇ ದಾರಿಗಳಲ್ಲಿ ಅದೂ ಒಂದು.

2004ರಲ್ಲಿ ದೇಶದ ರಾಷ್ಟ್ರೀಯ ಕ್ರೀಡಾಕೂಟ ಸುಮಾತ್ರಾದ ಪಾಲೆಂಬಾಂಗ್‌ನಲ್ಲಿ ನಡೆಯಿತು. ಪಾಪುವಾ ಪರವಾಗಿ ಹದಿನೆಂಟರ ಹುಡುಗ ಆಡಿದ. ಎಡಗಾಲಿನವನು, ಚೆಂಡು ಸಿಕ್ಕರೆ ಹಿಂದೆ ನೋಡುವ ಅಭ್ಯಾಸವಿಲ್ಲ. ಆಗಿನ ರಾಷ್ಟ್ರೀಯ ಕೋಚ್ ಇಂಗ್ಲೆಂಡಿನ ಪೀಟರ್ ವಿತ್. ಅವರೂ ಫಾರ್ವರ್ಡೇ. 1982ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಆಸ್ಟನ್ ವಿಲ್ಲಾಗೆ ಗೆಲುವು ತಂದ ಒಂದೇ ಗೋಲು ಅವರದು. ಅಂಥವರ ಕಣ್ಣಿಗೆ ಈ ಹುಡುಗ ಬಿದ್ದ. ಆ ವರ್ಷದ ಕೊನೆಗೆ ಟೈಗರ್ ಕಪ್, ಅಂದರೆ ಎಎಫ್ಎಫ್ ಕಪ್‌ನ ಹಳೆಯ ಹೆಸರು. ತಂಡದಲ್ಲಿ ಬೋವಾಜ್ ಇದ್ದರು. ಅಣ್ಣ ಒರ್ತಿಜಾನ್ ಕೂಡ ಇದ್ದರು.

ಗುಂಪು ಹಂತ ವಿಯೆಟ್ನಾಂನಲ್ಲಿ. ಲಾವೋಸ್ ವಿರುದ್ಧ 6-0, ಆತಿಥೇಯ ವಿಯೆಟ್ನಾಂ ವಿರುದ್ಧ 3-0, ಕಾಂಬೋಡಿಯಾ ವಿರುದ್ಧ 8-0, ಸಿಂಗಾಪುರದ ಜೊತೆ ಮಾತ್ರ ಗೋಲಿಲ್ಲದ ಡ್ರಾ. ಒಂದೇ ಒಂದು ಗೋಲು ಬಿಟ್ಟುಕೊಡದೆ ಸೆಮಿಫೈನಲ್‌ಗೆ ಬಂದರು. ಅಷ್ಟರಲ್ಲಿ ಡಿಸೆಂಬರ್ 26ರ ಸುನಾಮಿ. ಸುಮಾತ್ರಾದ ಆಚೆ ಪ್ರಾಂತ್ಯದಲ್ಲಿ ಹೆಣಗಳ ಲೆಕ್ಕ ಇನ್ನೂ ಸಿಗದ ಹೊತ್ತಿನಲ್ಲಿ, ಎರಡು ದಿನಕ್ಕೆ, ಜಕಾರ್ತದಲ್ಲಿ ಮಲೇಷ್ಯಾ ವಿರುದ್ಧ ಆಡಬೇಕಾಯಿತು. 1-2ರಿಂದ ಸೋತರು. ಹೊಸ ವರ್ಷದ ಜನವರಿ 3ರಂದು ಕೌಲಾಲಂಪುರದಲ್ಲಿ ಎರಡನೇ ಪಂದ್ಯ. ವಿರಾಮದ ಹೊತ್ತಿಗೆ ಮತ್ತೆ 0-1. ಕಥೆ ಮುಗಿಯಿತು ಅಂದುಕೊಂಡಿದ್ದವರೇ ಎಲ್ಲ. ಬದಲಿ ಆಟಗಾರನಾಗಿ ಬಂದ ಕುರ್ನಿಯಾವಾನ್ ದ್ವಿ ಯುಲಿಯಾಂತೋ ಸಮ ಮಾಡಿದರು. ಆಮೇಲೆ ಸಾಲಾಗಿ ಇನ್ನೂ ಮೂರು. ಕೊನೆಯದು ಬೋವಾಜ್ ಅವರದ್ದು. 4-1.

ಫೈನಲ್ ಮತ್ತೆ ಸಿಂಗಾಪುರದ ವಿರುದ್ಧ, ಜನವರಿ 8ರಂದು ಜಕಾರ್ತದಲ್ಲಿ ಮೊದಲ ಪಂದ್ಯ. ಒಂದು ಜೋರಾದ ಟ್ಯಾಕಲ್, ಹುಡುಗ ನೆಲಕ್ಕೆ ಬಿದ್ದ, ಮತ್ತೆ ಆಡಲಾಗಲಿಲ್ಲ. ಇಂಡೋನೇಷ್ಯಾ 1-3ರಿಂದ ಸೋತಿತು. ಎಂಟು ದಿನದ ನಂತರ ಸಿಂಗಾಪುರದಲ್ಲಿ ಅವರಿಲ್ಲದೆಯೇ ಆಡಿ 1-2ರಿಂದ ಸೋತರು. ಇದು ನನ್ನ ಲೆಕ್ಕದ ಮೊದಲನೆಯ ಗೈರು. ಇದರಲ್ಲಿ ಹುಡುಗನ ತಪ್ಪು ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

ಅದೇ 2005ರ ಸೆಪ್ಟೆಂಬರ್‌ನಲ್ಲಿ ಅದೇ ಗೆಲೋರಾ ಬುಂಗ್ ಕಾರ್ನೋಗೆ ಬೋವಾಜ್ ವಾಪಸು ಬಂದರು, ಈ ಸಲ ಕೆಂಪು-ಕಪ್ಪು ಜರ್ಸಿಯಲ್ಲಿ. ಲೀಗ್ ಫೈನಲ್, ಎದುರಿಗೆ ಪರ್ಸಿಜಾ ಜಕಾರ್ತ. ಮೈದಾನವೂ ಅವರ ಊರಿನದೇ, ಗದ್ದಲವೂ ಅವರದೇ. ಹೆಚ್ಚುವರಿ ಸಮಯದವರೆಗೆ ಎಳೆದಾಡಿ ಪರ್ಸಿಪುರ 3-2ರಿಂದ ಗೆದ್ದಿತು. ಪಾಪುವಾದ ಕ್ಲಬ್ಬಿಗೆ ಮೊಟ್ಟಮೊದಲ ಲೀಗ್ ಕಿರೀಟ. ಕೋಚ್ ರಹಮದ್ ದರ್ಮವಾನ್. ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾರೆ.

ಎರಡನೆಯ ಗೈರು ಇನ್ನೂ ಕಹಿ. 2007ರ ಏಷ್ಯನ್ ಕಪ್ ನಡೆಸುವ ನಾಲ್ಕು ದೇಶಗಳಲ್ಲಿ ಇಂಡೋನೇಷ್ಯಾ ಒಂದು. ಬಹ್ರೇನ್, ಸೌದಿ, ದಕ್ಷಿಣ ಕೊರಿಯಾ ಮೂರೂ ತಂಡಗಳು ಜಕಾರ್ತಕ್ಕೇ ಬರಬೇಕು. ಇಂಥ ಅವಕಾಶ ಒಬ್ಬ ಆಟಗಾರನ ಜೀವನದಲ್ಲಿ ಒಂದೇ ಸಲ. ಟೂರ್ನಿಗೆ ಒಂದು ತಿಂಗಳಿರುವಾಗ, ಜೂನ್ 1ರಂದು, ತಯಾರಿಗೆ ಅಂತ ಹಾಂಕಾಂಗ್ ಜೊತೆ ಒಂದು ಸೌಹಾರ್ದ ಪಂದ್ಯ ಇಟ್ಟರು. ಇಂಡೋನೇಷ್ಯಾ 3-0ರಿಂದ ಗೆದ್ದಿತು. ಬೋವಾಜ್ ಕಾಲು ಮುರಿಯಿತು.

ಸೌಹಾರ್ದ ಅನ್ನುವ ಹೆಸರು ಯಾರು ಇಟ್ಟರೋ.

ಏಷ್ಯನ್ ಕಪ್‌ನಲ್ಲಿ ಅವರಿಲ್ಲದ ತಂಡ ಬಹ್ರೇನ್ ವಿರುದ್ಧ 2-1ರಿಂದ ಗೆದ್ದಿತು. ಬುದಿ ಸುದರ್ಸೊನೋ ಒಂದು, ಬಂಬಾಂಗ್ ಪಮುಂಕಾಸ್ ಒಂದು. ಸೌದಿ ವಿರುದ್ಧ ಕೊನೆಯವರೆಗೆ 1-1 ಹಿಡಿದುಕೊಂಡು, ಕೊನೆಯ ಗಳಿಗೆಯಲ್ಲಿ ಗೋಲು ಬಿಟ್ಟುಕೊಟ್ಟು ಸೋತಿತು. ಕೊರಿಯಾ ವಿರುದ್ಧ 0-1. ಅಲ್ಲಿಗೆ ಮುಗಿಯಿತು. "ಬೋವಾಜ್ ಇದ್ದಿದ್ದರೆ" ಅಂತ ಬರೆಯುವುದು ಸುಲಭ. ನಾನು ಬರೆಯಲ್ಲ. ಆದರೆ ಮೂರೂ ಪಂದ್ಯಗಳಲ್ಲಿ ಅಂತರ ಒಂದೇ ಗೋಲು ಅನ್ನುವುದನ್ನು ಸುಮ್ನೆ ಗಮನಿಸಿ.

ಇಲ್ಲಿ ಒಂದು ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಎರಡೂವರೆ ವರ್ಷದಲ್ಲಿ ಎರಡು ದೊಡ್ಡ ಗಾಯ, ಎರಡೂ ದೇಶದ ಜರ್ಸಿಯಲ್ಲಿ, ಎರಡೂ ಜಕಾರ್ತದಲ್ಲಿ. ಇದು ಬರೀ ಗ್ರಹಚಾರವೇ? ಪೂರ್ತಿ ಅಲ್ಲ ಅನ್ನುವುದು ನನ್ನ ಅನಿಸಿಕೆ. ಪೆನಾಲ್ಟಿ ಪ್ರದೇಶದಲ್ಲಿ ಕಾದು ನಿಂತು ತಲೆಯಿಂದ ಹೊಡೆಯುವ ಫಾರ್ವರ್ಡ್‌ಗೆ ಮೊಣಕೈ ಏಟು ಬೀಳುತ್ತದೆ, ಭುಜಕ್ಕೆ ಬೀಳುತ್ತದೆ. ಆಗಿನ ಬೋವಾಜ್ ಬೇರೆ ಥರ. ಎಡಬದಿಯಲ್ಲಿ ಚೆಂಡು ಪಡೆದು, ಡಿಫೆಂಡರ್ ಮುಂದೆ ಅರೆ ಕ್ಷಣ ನಿಲ್ಲುವುದು, ಅವನು ಕಾಲು ಚಾಚುವವರೆಗೆ ಕಾಯುವುದು, ಚಾಚಿದ ಕೂಡಲೇ ಚೆಂಡನ್ನು ಪಕ್ಕಕ್ಕೆ ತಳ್ಳಿ ಓಡುವುದು. ಎದುರಾಳಿಯ ಕಾಲನ್ನು ತಾನಾಗಿಯೇ ಕರೆಯುವ ಆಟ ಇದು. ಡಿಫೆಂಡರ್ ಅರೆ ಕ್ಷಣ ತಡ ಮಾಡಿದರೆ ಅವನ ಕಾಲು ಚೆಂಡಿಗೆ ತಾಗುವುದಿಲ್ಲ, ಮೊಳಕಾಲ ಕೆಳಗಿನ ಮೂಳೆಗೆ ತಾಗುತ್ತದೆ. ಆ ಆಟವೇ ಅವರನ್ನು ಹದಿನೆಂಟಕ್ಕೆ ದೇಶದ ತಂಡಕ್ಕೆ ತಂದದ್ದು. ಅದೇ ಅವರನ್ನು ಸ್ಟ್ರೆಚರ್ ಮೇಲೂ ಮಲಗಿಸಿತು.

ಮುರಿದ ಕಾಲು ಕೂಡಿದ ಮೇಲೆ ಬಂದ ಬೋವಾಜ್ ಸ್ವಲ್ಪ ಬೇರೆ ಮನುಷ್ಯ. ಬದಿಯಿಂದ ನಡುವಿಗೆ ಬಂದರು. ಓಟದ ಜೊತೆ ಲೆಕ್ಕಾಚಾರ ಸೇರಿತು. ಬ್ರೆಜಿಲ್‌ನ ಜಾಕ್ಸೆನ್ ತಿಯಾಗೋ ಕೋಚ್ ಆಗಿದ್ದ ಪರ್ಸಿಪುರದಲ್ಲಿ ಅವರು ಹೊಡೆದ ಗೋಲುಗಳನ್ನು ನೋಡಿ: 2008-09ರ ಮೊದಲ ಇಂಡೋನೇಷ್ಯಾ ಸೂಪರ್ ಲೀಗ್‌ನಲ್ಲಿ 28, 2010-11ರಲ್ಲಿ 22, 2013ರಲ್ಲಿ 25. ಮೂರು ಸಲವೂ ಕಪ್ ಜಯಪುರಕ್ಕೇ ಹೋಯಿತು.

ಆ ಮೊದಲ ಲೀಗ್‌ನಲ್ಲಿ 28 ಗೋಲು ಹೊಡೆದವರು ಅವರೊಬ್ಬರೇ ಅಲ್ಲ. ಕ್ರಿಸ್ಟಿಯನ್ ಗೊನ್ಸಾಲೆಸ್ ಕೂಡ ಅಷ್ಟೇ ಹೊಡೆದಿದ್ದರು. ಹುಟ್ಟಿದ್ದು ಉರುಗ್ವೆಯ ಮೊಂಟೆವಿಡಿಯೋದಲ್ಲಿ, ಆಡುತ್ತಿದ್ದದ್ದು ಇಂಡೋನೇಷ್ಯಾದಲ್ಲಿ. ಈಗ ಮತ್ತೆ 2010ಕ್ಕೆ ಬರೋಣ.

ಆಗಿನ ಕೋಚ್ ಆಸ್ಟ್ರಿಯಾದ ಆಲ್ಫ್ರೆಡ್ ರೀಡ್ಲ್. ಮುಖದಲ್ಲಿ ನಗು ಕಡಿಮೆ, ನಿಯಮ ಅಂದರೆ ನಿಯಮ. ಶಿಬಿರಕ್ಕೆ ಹೇಳಿದ ಹೊತ್ತಿಗೆ ಬೋವಾಜ್ ಬರಲಿಲ್ಲ. ರೀಡ್ಲ್ ಹೆಸರು ಹೊಡೆದು ಹಾಕಿದರು. ಉರುಗ್ವೆಗೆ ಗೋಲು ಹೊಡೆದವನು ಅಂತ ನೋಡಲಿಲ್ಲ. ಅದೇ ನವೆಂಬರ್‌ನಲ್ಲಿ ಗೊನ್ಸಾಲೆಸ್‌ಗೆ ಇಂಡೋನೇಷ್ಯಾದ ಪೌರತ್ವ ಸಿಕ್ಕಿತು. ಅವರ ಜೊತೆಗೆ ಆಮ್‌ಸ್ಟರ್‌ಡಾಂನಲ್ಲಿ ಹುಟ್ಟಿದ ಇರ್ಫಾನ್ ಬಾಕ್ದಿಮ್. ದೇಶಕ್ಕೆ ಹೊಸ ಹುಚ್ಚು ಹಿಡಿಯಿತು. ಸೆಮಿಫೈನಲ್‌ನ ಎರಡೂ ಪಂದ್ಯಗಳಲ್ಲಿ ಫಿಲಿಪ್ಪೀನ್ಸ್ ವಿರುದ್ಧ 1-0, ಎರಡೂ ಗೋಲು ಗೊನ್ಸಾಲೆಸ್ ಅವರದ್ದೇ. ಫೈನಲ್‌ನಲ್ಲಿ ಮಲೇಷ್ಯಾ ಕೌಲಾಲಂಪುರದಲ್ಲಿ 3-0ರಿಂದ ಬಡಿಯಿತು. ಜಕಾರ್ತದಲ್ಲಿ 2-1ರಿಂದ ಗೆದ್ದರೂ ಕಪ್ಪು ಸಿಗಲಿಲ್ಲ.

ತಪ್ಪು ಯಾರದು? ಬೋವಾಜ್ ಅವರದ್ದು. ಇದರಲ್ಲಿ ಸುತ್ತಿಬಳಸಿ ಹೇಳುವುದೇನಿಲ್ಲ. ಅಷ್ಟು ದೂರದ ಊರು, ಎರಡು ಸಲ ಕಾಲು ಪೆಟ್ಟು ತಿಂದದ್ದು ಇದೇ ತಂಡದ ಜರ್ಸಿಯಲ್ಲಿ, ಮನಸ್ಸಿಗೆ ಏನೇನು ಅನಿಸಿರಬಹುದು ಅಂತ ನಾವು ಊಹಿಸಬಹುದು. ಆದರೆ ಉಳಿದವರೂ ಬಂದಿದ್ದರು ತಾನೆ? ಅವರಿಲ್ಲದೆಯೂ ತಂಡ ಫೈನಲ್ ಮುಟ್ಟಿತು, ಹಾಗಾಗಿ ರೀಡ್ಲ್ ಮಾಡಿದ್ದು ತಪ್ಪು ಅಂತಲೂ ಹೇಳಲಾಗುವುದಿಲ್ಲ. ನನ್ನ ಪಟ್ಟಿಯಲ್ಲಿ ಪೂರ್ತಿಯಾಗಿ ಆಟಗಾರನ ಖಾತೆಗೆ ಹೋಗುವ ಗೈರು ಇದೊಂದೇ. ವಿಚಿತ್ರ ಅಂದರೆ ಜನ ಜಾಸ್ತಿ ನೆನಪಿಟ್ಟುಕೊಂಡದ್ದೂ ಇದನ್ನೇ.

ಮುಂದಿನದನ್ನು ನೋಡಿದರೆ ಇದು ಎಷ್ಟು ಸಣ್ಣದು ಅಂತ ಗೊತ್ತಾಗುತ್ತದೆ.

2011ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಪಿಎಸ್ಎಸ್ಐ ಒಡೆಯಿತು. ಹೊಸ ಆಡಳಿತ ಹೊಸ ಲೀಗ್ ಶುರು ಮಾಡಿತು. ಪರ್ಸಿಪುರದಂಥ ದೊಡ್ಡ ಕ್ಲಬ್ಬುಗಳು ಹಳೆಯ ಸೂಪರ್ ಲೀಗ್‌ನಲ್ಲೇ ಉಳಿದವು. ಆ ಲೀಗ್ ಅಧಿಕೃತವಲ್ಲ, ಅಲ್ಲಿ ಆಡುವವರಿಗೆ ರಾಷ್ಟ್ರೀಯ ತಂಡದಲ್ಲಿ ಜಾಗವಿಲ್ಲ ಅಂತ ಆದೇಶ ಬಂತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ದೇಶದ ಒಳ್ಳೆಯ ಆಟಗಾರರಲ್ಲಿ ಬಹುಪಾಲು ಒಂದೇ ಏಟಿಗೆ ಹೊರಗೆ. 2012ರ ಫೆಬ್ರವರಿ 29ರಂದು ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಉಳಿದವರನ್ನು ಕಟ್ಟಿಕೊಂಡು ಬಹ್ರೇನ್‌ಗೆ ಹೋದರು. ಫಲಿತಾಂಶ 10-0. ಐದು ವರ್ಷದ ಹಿಂದೆ ಜಕಾರ್ತದಲ್ಲಿ ಸೋಲಿಸಿದ್ದರಲ್ಲ, ಅದೇ ಬಹ್ರೇನ್. ಆ ವರ್ಷದ ಎಎಫ್ಎಫ್ ಕಪ್‌ನಲ್ಲೂ ಬೋವಾಜ್ ಇಲ್ಲ, ಇಂಡೋನೇಷ್ಯಾ ಗುಂಪು ಹಂತದಲ್ಲೇ ಮನೆಗೆ. ಇಪ್ಪತ್ತಾರು ವಯಸ್ಸು, ಕಾಲು ಗಟ್ಟಿ, ಹಿಂದಿನ ವರ್ಷವಷ್ಟೇ ಲೀಗ್‌ನ ಶ್ರೇಷ್ಠ ಆಟಗಾರ. ಅವರ ಕಡೆಯಿಂದ ಯಾವ ತಪ್ಪೂ ಇಲ್ಲ.

2013ರ ಮಾರ್ಚ್‌ನಲ್ಲಿ ಎರಡು ಬಣಗಳು ರಾಜಿಯಾದವು. ಕೆಲವೇ ದಿನಕ್ಕೆ, 23ರಂದು, ಏಷ್ಯನ್ ಕಪ್ ಅರ್ಹತಾ ಪಂದ್ಯಕ್ಕೆ ಸೌದಿ ತಂಡ ಜಕಾರ್ತಕ್ಕೆ ಬಂತು. ತಂಡವನ್ನು ಆತುರಾತುರವಾಗಿ ಕೂಡಿಸಿದವರು ರಹಮದ್ ದರ್ಮವಾನ್. ನೆನಪಿದೆಯಲ್ಲ, 2005ರ ಪರ್ಸಿಪುರದ ಕೋಚ್. ವಾಪಸು ಬಂದ ಬೋವಾಜ್ ಆರಂಭದ ನಿಮಿಷಗಳಲ್ಲೇ ಗೋಲು ಹೊಡೆದರು. ಸೌದಿ ತಿರುಗಿ ಬಿದ್ದು 2-1ರಿಂದ ಗೆದ್ದಿತು, ಅದು ಬೇರೆ ಮಾತು. ಒಂದೂವರೆ ವರ್ಷ ಯಾರನ್ನು ಹೊರಗಿಟ್ಟಿದ್ದೆವು ಅಂತ ಆ ಮೈದಾನಕ್ಕೆ ಅಷ್ಟರಲ್ಲೇ ಗೊತ್ತಾಯಿತು.

ಇದೂ ಹೆಚ್ಚು ದಿನ ಬಾಳಲಿಲ್ಲ. 2015ರಲ್ಲಿ ಸರ್ಕಾರಕ್ಕೂ ಪಿಎಸ್ಎಸ್ಐಗೂ ಜಟಾಪಟಿ. ಲೀಗ್ ನಿಂತಿತು. ಈ ಭಾಗಕ್ಕೆ ನಮ್ಮ ಊರಿನ ಸಂಬಂಧವೂ ಉಂಟು. ಏಷ್ಯಾದ ಕ್ಲಬ್ಬುಗಳ ಟೂರ್ನಿಯಾದ ಎಎಫ್‌ಸಿ ಕಪ್‌ನಲ್ಲಿ ಆ ವರ್ಷ ಪರ್ಸಿಪುರ ಮತ್ತು ಬೆಂಗಳೂರು ಎಫ್‌ಸಿ ಒಂದೇ ಗುಂಪಿನಲ್ಲಿದ್ದವು. ಪರ್ಸಿಪುರ ಮೊದಲ ಸ್ಥಾನ, ಬೆಂಗಳೂರು ಎರಡನೆಯದು. ಎರಡೂ ಮುಂದಿನ ಸುತ್ತಿಗೆ ಹೋದವು. ಮೇ ತಿಂಗಳ ಕೊನೆಯ ವಾರ ಬೆಂಗಳೂರು ಹಾಂಕಾಂಗ್‌ಗೆ ಹೋಗಿ ಅಲ್ಲಿನ ಸೌತ್ ಚೈನಾ ಎದುರು 0-2ರಿಂದ ಸೋತಿತು. ಸರಿ, ಆಡಿ ಸೋತರು. ಪರ್ಸಿಪುರಕ್ಕೆ ಆಡುವ ಭಾಗ್ಯವೂ ಸಿಗಲಿಲ್ಲ. ಎದುರಾಳಿ ಮಲೇಷ್ಯಾದ ಪಹಾಂಗ್ ತಂಡದ ವಿದೇಶಿ ಆಟಗಾರರಿಗೆ ವೀಸಾ ತೊಡಕಾಗಿ ಜಯಪುರಕ್ಕೆ ಬರಲಾಗಲಿಲ್ಲ. ಪಂದ್ಯವೇ ನಡೆಯಲಿಲ್ಲ. ಪಹಾಂಗ್ 3-0ರಿಂದ ಗೆದ್ದಿತು ಅಂತ ಘೋಷಿಸಿದರು. ಇನ್ನು ನಾಲ್ಕೇ ದಿನ, ಮೇ 30ಕ್ಕೆ, ಫಿಫಾ ಇಂಡೋನೇಷ್ಯಾವನ್ನೇ ಅಮಾನತು ಮಾಡಿತು. ವಿಶ್ವಕಪ್ ಅರ್ಹತಾ ಸುತ್ತಿನಿಂದ ಔಟ್. ಅಮಾನತು ತೆರವಾಗಿದ್ದು 2016ರ ಮೇ 13ಕ್ಕೆ. ಬೋವಾಜ್‌ಗೆ ಆಗ ಮೂವತ್ತು ತುಂಬಿತ್ತು.

2016ರ ಎಎಫ್ಎಫ್ ಕಪ್‌ಗೆ ಕೋಚ್ ಯಾರು ಗೊತ್ತಾ? ಮತ್ತೆ ರೀಡ್ಲ್. ನಾಯಕ ಯಾರು? ಬೋವಾಜ್. ಆರು ವರ್ಷದ ಹಿಂದೆ ಹೆಸರು ಹೊಡೆದು ಹಾಕಿದ ಕೈಯೇ ನಾಯಕನ ತೋಳುಪಟ್ಟಿ ಕೊಟ್ಟಿತು.

ತಂಡ ಕಟ್ಟುವುದೇ ಒಂದು ಸರ್ಕಸ್ ಆಗಿತ್ತು. ಅಮಾನತಿನ ಕಾಲದಲ್ಲಿ ಶುರುವಾಗಿದ್ದ ಟಿಎಸ್‌ಸಿ ಅನ್ನುವ ಟೂರ್ನಿ ಇನ್ನೂ ನಡೀತಾ ಇತ್ತು. ಕ್ಲಬ್ಬುಗಳು ಆಟಗಾರರನ್ನು ಬಿಡಲು ಸಿದ್ಧವಿಲ್ಲ. ಕೊನೆಗೆ ಒಂದು ಕ್ಲಬ್ಬಿನಿಂದ ಇಬ್ಬರೇ ಅಂತ ಒಪ್ಪಂದವಾಯಿತು. ಹಾಗೆ ಅಲ್ಲೊಬ್ಬ ಇಲ್ಲೊಬ್ಬ ಅಂತ ಹೆಕ್ಕಿ ತಂದ ತಂಡ ಮೊದಲ ಪಂದ್ಯದಲ್ಲಿ ಥಾಯ್ಲೆಂಡ್ ಎದುರು 2-4ರಿಂದ ಸೋತಿತು. ಒಂದು ಗೋಲು ಬೋವಾಜ್ ಅವರದ್ದು. ಫಿಲಿಪ್ಪೀನ್ಸ್ ಜೊತೆ 2-2, ಅಲ್ಲೂ ಒಂದು. ಸಿಂಗಾಪುರವನ್ನು 2-1ರಿಂದ ಸೋಲಿಸಿ ಹೇಗೋ ಸೆಮಿಫೈನಲ್ ಸೇರಿದರು.

ಡಿಸೆಂಬರ್ 3, ಬೊಗೊರ್ ಜಿಲ್ಲೆಯ ಪಾಕನ್‌ಸಾರಿ ಮೈದಾನ, ಎದುರಿಗೆ ವಿಯೆಟ್ನಾಂ. ವಿರಾಮದ ಹೊತ್ತಿಗೆ 1-1. ವಿರಾಮ ಮುಗಿದು ಐದು ನಿಮಿಷಕ್ಕೆ ಇಂಡೋನೇಷ್ಯಾಗೆ ಪೆನಾಲ್ಟಿ. ಚೆಂಡು ಇಟ್ಟವರು ನಾಯಕರೇ. ಆ ಟೂರ್ನಿಯಲ್ಲಿ ನಾಲ್ಕು ಪಂದ್ಯ, ಅವರದ್ದು ಮೂರನೇ ಗೋಲು. 2-1. ಹನೋಯಿಯಲ್ಲಿ ಎರಡನೇ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿ 2-2 ಆಯಿತು. ಪಾಕನ್‌ಸಾರಿಯ ಆ ಒಂದು ಪೆನಾಲ್ಟಿಯ ಅಂತರದಲ್ಲೇ ಇಂಡೋನೇಷ್ಯಾ ಫೈನಲ್‌ಗೆ ಹೋಯಿತು, ಒಟ್ಟು 4-3.

ಫೈನಲ್ ಥಾಯ್ಲೆಂಡ್ ಜೊತೆ. ಡಿಸೆಂಬರ್ 14ರಂದು ಪಾಕನ್‌ಸಾರಿಯಲ್ಲಿ ಮೊದಲು ಗೋಲು ಬಿಟ್ಟುಕೊಟ್ಟರೂ 2-1ರಿಂದ ಗೆದ್ದರು. ಹನ್ನೆರಡು ವರ್ಷದ ಹಿಂದಿನ ಫೈನಲ್‌ನಲ್ಲಿ ಎರಡನೇ ಪಂದ್ಯಕ್ಕೆ ಹೋಗಲಾಗದೆ ಇದ್ದ ಹುಡುಗ ಈ ಸಲ ನಾಯಕನಾಗಿ ಬ್ಯಾಂಕಾಕ್‌ಗೆ ಹೋದರು. ಡಿಸೆಂಬರ್ 17ರಂದು ಸಿರೋಚ್ ಚತ್ತೋಂಗ್ ಎರಡು ಗೋಲು ಹೊಡೆದರು. 0-2. ಒಟ್ಟು 2-3. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಂಡೋನೇಷ್ಯಾ ಈ ಕಪ್‌ನ ಫೈನಲ್‌ನಲ್ಲಿ ಸೋತದ್ದು ಅದು ಐದನೇ ಸಲ.

ನನ್ನ ಲೆಕ್ಕ ಇಷ್ಟು: 2005ರ ಫೈನಲ್‌ನ ಎರಡನೇ ಪಂದ್ಯ ಮತ್ತು 2007ರ ಏಷ್ಯನ್ ಕಪ್ ಗಾಯಕ್ಕೆ ಹೋದವು. 2010ರದು ಅವರದೇ ತಪ್ಪು. 2012 ಮತ್ತು 2015-16 ಕುರ್ಚಿಯಲ್ಲಿ ಕೂತವರ ಜಗಳಕ್ಕೆ ಹೋದವು. ಆಡುವ ವಯಸ್ಸಿನ ಜಾಸ್ತಿ ದಿನಗಳನ್ನು ನುಂಗಿದ್ದು ಈ ಕೊನೆಯದು. ಅವರ ಕಾಲಿನ ಬಗ್ಗೆ, ಶಿಸ್ತಿನ ಬಗ್ಗೆ ಮಾತಾಡುವವರು ಇದನ್ನು ಲೆಕ್ಕಕ್ಕೇ ತರುವುದಿಲ್ಲ.

ಬ್ಯಾಂಕಾಕ್ ಫೈನಲ್‌ನ ಮರುದಿನ, ಡಿಸೆಂಬರ್ 18, ಟಿಎಸ್‌ಸಿಯ ಕೊನೆಯ ದಿನ. ಚಾಂಪಿಯನ್ ಆದದ್ದು ಪರ್ಸಿಪುರ.

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡಬಹುದು. 2021ರಲ್ಲಿ ಕ್ಲಬ್ಬು ಮತ್ತು ಬೋವಾಜ್ ಬೇರೆಯಾದರು. ಅವರು ಬೊರ್ನಿಯೋ ಎಫ್‌ಸಿಗೆ ಹೋದರು. ಅವರಿಲ್ಲದ ಆ ಋತು ಮುಗಿಯುವಾಗ, 2022ರಲ್ಲಿ, ಪರ್ಸಿಪುರ ಮೊದಲ ದರ್ಜೆಯಿಂದ ಕೆಳಗಿಳಿಯಿತು. ಕೆಲವು ವರ್ಷ ಅಲ್ಲಿ ಇಲ್ಲಿ ಆಡಿ ಬೋವಾಜ್ ಮತ್ತೆ ಜಯಪುರಕ್ಕೇ ಬಂದರು. ಎರಡನೇ ದರ್ಜೆಯ ಲೀಗ್, ವಯಸ್ಸು ನಲವತ್ತರ ಹತ್ತಿರ, ಜರ್ಸಿ ಮಾತ್ರ ಅದೇ ಕೆಂಪು-ಕಪ್ಪು.